ನೋಡದೆ ಬರೆದ ನಾಲ್ಕು

ತಿಂಗಳ ಮೊದಲನೇ ತಾರೀಖು ಬಂತೆಂದರೆ ಔಷಧಿ ದಾಸ್ತಾನು ನೋಡಿಕೊಳ್ಳುವ ಸ್ಟೋರ್ ಮಾಮನಿಗೆ ಇಪ್ಪತ್ತು ನಿಮಿಷದ ಒಂದು ಕೆಲಸ. ಆರೋಗ್ಯ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಲಸಿಕೆಯ ಫ್ರಿಜ್ಜಿಗೆ ಬೆನ್ನು ಹಾಕಿ ಕೂತು, ಹೊಸ ಉಷ್ಣಾಂಶದ ಚಾರ್ಟನ್ನು ಮೇಜಿನ ಮೇಲೆ ಹರಡಿ, ಬೆಳಗಿನ ಮನೆಗೊಂದು ನಾಲ್ಕು, ಸಂಜೆಯ ಮನೆಗೊಂದು ನಾಲ್ಕು ಬರೆಯುತ್ತ ಹೋಗುವುದು. ಇನ್ನೂ ಬಾರದ ದಿನಗಳಿಗೂ ನಾಲ್ಕು, ಬಾಗಿಲೇ ತೆಗೆಯದ ರಜಾದಿನಕ್ಕೂ ನಾಲ್ಕು. ಅಕ್ಷರವೋ, ಅಚ್ಚು ಹಾಕಿದ ಹಾಗೆ. ಇಡೀ ಕೇಂದ್ರದಲ್ಲಿ ಅವರಷ್ಟು ಚೆಂದ ಬರೆಯುವವರು ಯಾರೂ ಇರಲಿಲ್ಲ.

"ಏನ್ ಮಾಮ, ಮುಂದಾಗೋದನ್ನೆಲ್ಲ ಇವತ್ತೇ ಬರೆದು ಮುಗಿಸ್ತಿದೀರಾ?" ನರ್ಸಮ್ಮ ಬಾಗಿಲಲ್ಲಿ ನಿಂತು ನಕ್ಕಳು.

"ನಿಂಗೇನಮ್ಮ ಗೊತ್ತು, ಈ ಫ್ರಿಜ್ಜಿನ ಬುದ್ಧಿ ನಂಗೆ ಬಾಯಿಪಾಠ," ಎಂದರು ಮಾಮ, ತಲೆಯೆತ್ತದೆ.

ಹಾಗಂತ ಅವರು ಕಳ್ಳರಲ್ಲ, ಮೈಗಳ್ಳರೂ ಅಲ್ಲ. ಆರು ವರ್ಷದ ಹಿಂದೆ ನೆರವು ಸಂಸ್ಥೆಯವರು ಈ ಫ್ರಿಜ್ ಕೊಟ್ಟ ಹೊಸತರಲ್ಲಿ ದಿನಕ್ಕೆರಡು ಸಲ ಥರ್ಮಾಮೀಟರ್ ನೋಡಿಯೇ ಬರೆಯುತ್ತಿದ್ದರು. ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು. ಒಂದು ದಿನ ಒಂಬತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದರು ನೋಡಿ, ಅಲ್ಲಿಂದ ಶುರುವಾಯಿತು ತಲೆನೋವು. ಮೇಲಿನ ಕಚೇರಿಯ ಕಂಪ್ಯೂಟರಿನಲ್ಲಿ ಕೇಂದ್ರದ ಹೆಸರು ಕೆಂಪಾಯಿತು. ವಿವರಣೆ ಕೇಳಿ ಮೂರು ಪತ್ರ ಬಂದವು. ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಎಲ್ಲರೆದುರು ಉಗಿದು ಹೋದರು. ಫ್ರಿಜ್ ರಿಪೇರಿಯವನೊಬ್ಬ ಮಾತ್ರ ಬರಲಿಲ್ಲ. ಮುಂದಿನ ತಿಂಗಳು ಮಾಮ ಪೂರ್ತಿ ನಾಲ್ಕು ಬರೆದು ಕಳಿಸಿದರು. ಯಾರೂ ಸೊಲ್ಲೆತ್ತಲಿಲ್ಲ. ಆಮೇಲೆ ಥರ್ಮಾಮೀಟರನ್ನು ನೋಡುವ ಅಭ್ಯಾಸವೇ ತಪ್ಪಿಹೋಯಿತು. ಈಗ ಗೋಡೆಯ ಮೇಲೆ 'ಅತ್ಯುತ್ತಮ ವರದಿ ಕೇಂದ್ರ' ಎಂಬ ಪ್ರಶಸ್ತಿಪತ್ರ ಮೂರಿವೆ, ಗಾಜು ಹಾಕಿಸಿದ್ದಾರೆ.

ಹದಿನೆಂಟನೇ ತಾರೀಖಿನವರೆಗೆ ಬರೆದಿದ್ದರು. ಮಗಳ ಫೋನು ಬಂತು.

"ಅಪ್ಪ, ಪುಟ್ಟಿಗೆ ಜ್ವರ ಇಳೀತಾನೇ ಇಲ್ಲ. ಮೈಯೆಲ್ಲ ಕೆಂಪಗೆ ದದ್ದು ಎದ್ದಿದೆ. ದೊಡ್ಡಾಸ್ಪತ್ರೆಗೆ ಬಂದಿದೀನಿ. ಬೇಗ ಬಾ."

ಪುಟ್ಟಿ ಎಂದರೆ ಹದಿನಾಲ್ಕು ತಿಂಗಳ ಮೊಮ್ಮಗಳು. ತಾತನ ಜೇಬಿನ ಪೆನ್ನು ಕಿತ್ತುಕೊಂಡು ಓಡಲು ಕಲಿತು ಇನ್ನೂ ವಾರವಷ್ಟೇ ಆಗಿತ್ತು. ಮಾಮ ಚಾರ್ಟು ಹಾಗೇ ಬಿಟ್ಟು ಎದ್ದರು.

ವಾರ್ಡಿನಲ್ಲಿ ಮಗು ಕಣ್ಣು ಬಿಡದೆ ಮಲಗಿತ್ತು. ರೆಪ್ಪೆಗಳು ಊದಿ ಅಂಟಿಕೊಂಡಿದ್ದವು. ಮೂಗಿಗೆ ನಳಿಗೆ, ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಹಾಸಿಗೆ ಹತ್ತಿರ ನಿಂತಿದ್ದ ವಾರ್ಡಿನ ಹುಡುಗಿ, ಇಪ್ಪತ್ತೆರಡರ ಮೇಲಿಲ್ಲದ ನರ್ಸು, ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಗಡಿಯಾರ ನೋಡುತ್ತಿದ್ದಳು. ಆ ಕಡೆ ನಾಲ್ಕು ಹಾಸಿಗೆಯವರು ಅವಳನ್ನು ಕೂಗುತ್ತಿದ್ದರು. ಮಾಮನಿಗೆ ತಡೆಯಲಾಗಲಿಲ್ಲ.

"ಇನ್ನೂ ಅರ್ಧ ಗಂಟೆ ಹಿಂದೆ ನೋಡಿದ್ರಂತಲ್ಲಮ್ಮ, ಅದನ್ನೇ ಬರೆದ್ರಾಯ್ತು. ಪಾಪ, ಮಗೂನ ಯಾಕೆ ಅಲ್ಲಾಡಿಸ್ತೀರಿ?"

"ನೋಡದೆ ಹೇಗೆ ಬರೀಲಿ ಅಜ್ಜ?" ಆಕೆಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಡಾಕ್ಟ್ರು ಇದನ್ನ ನೋಡಿ ತಾನೇ ಔಷಧಿ ಬದಲಾಯಿಸೋದು?" ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದು ನೂರಾಮೂರು ಎಂದು ಬರೆದು, ಕೂಗಿದ ಕಡೆ ಓಡಿದಳು.

ಅಷ್ಟರಲ್ಲಿ ಮಕ್ಕಳ ಡಾಕ್ಟರು ಬಂದರು.

"ದಡಾರ ಇದು. ನ್ಯುಮೋನಿಯಾಕ್ಕೆ ತಿರುಗಿದೆ. ಲಸಿಕೆ ಹಾಕಿಸಿರಲಿಲ್ವಾ?"

ಮಗಳಿಗೆ ರೇಗಿತು. ಚೀಲದಿಂದ ಕಾರ್ಡು ತೆಗೆದು ಮುಂದೆ ಹಿಡಿದಳು. "ಹಾಕಿಸದೇ ಇರ್ತೀವಾ ಡಾಕ್ಟ್ರೇ? ಒಂಬತ್ತು ತಿಂಗಳು ತುಂಬಿದ ದಿನಾನೇ ಹಾಕಿಸಿದೀನಿ, ನಮ್ಮಪ್ಪನ ಸೆಂಟರಲ್ಲೇ. ಅಲ್ಲಿನ ಲಸಿಕೆಯೆಲ್ಲ ಇವರ ಕೈಯಲ್ಲೇ ಇರೋದು."

ಡಾಕ್ಟರು ಮಾಮನ ಕಡೆ ತಿರುಗಿದರು. ದನಿಯಲ್ಲಿ ಆಪಾದನೆ ಇರಲಿಲ್ಲ. "ಕೆಲವು ಮಕ್ಕಳಿಗೆ ಲಸಿಕೆ ಹತ್ತೋದಿಲ್ಲ, ಅದು ಇದ್ದದ್ದೇ. ಆದ್ರೆ ನಿಮ್ಮ ಸೆಂಟರ್ ಕಾರ್ಡು ಹಿಡಿದು ಬಂದ ಮೂರನೇ ಮಗು ಇದು, ಈ ವಾರದಲ್ಲಿ. ಫ್ರಿಜ್ ಕೆಟ್ಟಿತ್ತಾ ಅಂತ ಅನುಮಾನ. ಆವಾಗಿನ ಚಾರ್ಟು ನೋಡಿ ಹೇಳ್ತೀರಾ? ಎಷ್ಟು ದಿನ ಬಿಸಿಯಾಗಿತ್ತು ಅಂತ ಗೊತ್ತಾದ್ರೆ, ಆ ದಿನಗಳಲ್ಲಿ ಚುಚ್ಚಿಸ್ಕೊಂಡ ಮಕ್ಕಳನ್ನ ಕರೆಸಿ ಮತ್ತೆ ಹಾಕಬಹುದು. ಇನ್ನೂ ಕಾಲ ಮಿಂಚಿಲ್ಲ."

"ನೋಡ್ತೀನಿ ಸಾರ್," ಎಂದರು ಮಾಮ.

ಕೇಂದ್ರಕ್ಕೆ ಮರಳಿದವರೇ ಆರು ತಿಂಗಳ ಚಾರ್ಟುಗಳನ್ನು ನೆಲದ ಮೇಲೆ ಸಾಲಾಗಿ ಹಾಸಿದರು. ಮೊಮ್ಮಗಳಿಗೆ ಚುಚ್ಚಿಸಿದ್ದು ಹದಿನೇಳನೇ ತಾರೀಖು. ಆ ದಿನ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ಹಿಂದಿನ ದಿನ ನಾಲ್ಕು, ಮುಂದಿನ ದಿನ ನಾಲ್ಕು. ಯಾರ ಅಕ್ಷರ ಅದು, ಎಷ್ಟು ಚೆಂದ! ಆರು ವರ್ಷದಲ್ಲಿ ಆ ಕಾಗದವನ್ನು ಓದುವ ಅಗತ್ಯ ಬಿದ್ದ ಮೊದಲ ಮನುಷ್ಯ ಅವರೇ, ಅದು ಅವರಿಗೇ ಏನನ್ನೂ ಹೇಳಲೊಲ್ಲದು.

ಎದ್ದು ಫ್ರಿಜ್ಜಿನ ಬಾಗಿಲು ತೆಗೆದರು. ಬಾಗಿಲಿನ ರಬ್ಬರು ಕೆಳಗಡೆ ಒಂದು ಗೇಣು ಕಿತ್ತು ಜೋತಾಡುತ್ತಿತ್ತು. ಥರ್ಮಾಮೀಟರಿನ ಮೇಲಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿದರು. ಹದಿನಾಲ್ಕು.

"ನರ್ಸಮ್ಮಾ, ಈ ರಬ್ಬರು ಯಾವಾಗ ಕಿತ್ತಿದ್ದು?"

"ಅಯ್ಯೋ, ಅದು ತುಂಬಾ ದಿನ ಆಯ್ತಲ್ಲ ಮಾಮ."

"ತುಂಬಾ ದಿನ ಅಂದ್ರೆ?"

"ಬೀದಿ ಟ್ರಾನ್ಸ್‌ಫಾರ್ಮರ್ ಸುಟ್ಟು ಐದು ದಿನ ಕರೆಂಟು ಇರ್ಲಿಲ್ವಲ್ಲ, ಆವಾಗ್ಲೇ ಇತ್ತೇನೋ."

"ಅದು ಯಾವ ತಿಂಗಳು? ಪುಟ್ಟಿಗೆ ಚುಚ್ಚಿದ್ದಕ್ಕೆ ಮುಂಚೇನೋ, ಆಮೇಲೋ? ಸ್ವಲ್ಪ ನೆನಪು ಮಾಡ್ಕೊಳಮ್ಮ, ನಿಂಗೆ ಕೈ ಮುಗೀತೀನಿ."

ನರ್ಸಮ್ಮ ಹಣೆ ಒತ್ತಿಕೊಂಡಳು. "ನೆನಪಿಲ್ಲ ಮಾಮ. ನೀವು ಚಾರ್ಟಲ್ಲಿ ಬರೆದಿರ್ತೀರಲ್ಲ ಅಂತ ನಾನು..." ಎಂದವಳು ನೆಲದ ಮೇಲೆ ಹಾಸಿದ ಕಾಗದಗಳನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಪರೀಕ್ಷಿಸಿ ನೋಡೋಣವೆಂದರೆ ಆಗಿನ ಖಾಲಿ ಬಾಟಲಿಗಳನ್ನೆಲ್ಲ ಹೂತು ತಿಂಗಳುಗಳೇ ಆಗಿದ್ದವು. ಲಸಿಕೆ ರಿಜಿಸ್ಟರಿನಲ್ಲಿ ಆ ಆರು ತಿಂಗಳಿಗೆ ಇನ್ನೂರ ಎಂಬತ್ತಾರು ಮಕ್ಕಳಿದ್ದರು.

ಸಂಜೆ ಆಸ್ಪತ್ರೆಯಲ್ಲಿ ಮಗಳು ನೇರವಾಗಿ ಕೇಳಿದಳು. "ಅಪ್ಪ, ಫ್ರಿಜ್ ಸರಿ ಇತ್ತು ತಾನೇ?"

"ಗೊತ್ತಿಲ್ಲ ಮಗಳೇ."

"ಚಾರ್ಟು ನೋಡಕ್ಕೆ ಹೋಗಿದ್ದೆಯಲ್ಲ?"

"ನೋಡಿದೆ. ನಾಲ್ಕು ಅಂತಿದೆ. ನೋಡದೆ ಬರೆದದ್ದು ಅದು."

ಅವಳು ಮಗುವಿನ ಮೇಲಿದ್ದ ಅಪ್ಪನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮಾಮನಿಗೆ.

ಮರುದಿನ ಅವರು ಮೇಲಿನ ಕಚೇರಿಗೆ ಹೋದರು. ನಲವತ್ತೆರಡು ಕೇಂದ್ರಗಳ ವರದಿಯನ್ನು ಒಟ್ಟು ಮಾಡುವ ಅಧಿಕಾರಿಯನ್ನು ಎಲ್ಲರೂ ವರದಿ ಮೇಡಂ ಎನ್ನುತ್ತಿದ್ದರು. ಆಕೆಯ ಪರದೆಯ ತುಂಬ ಹಸಿರು ಚೌಕಗಳು. ಮಾಮ ಎಲ್ಲವನ್ನೂ ಹೇಳಿದರು. ಹಳೆಯ ಚಾರ್ಟುಗಳ ಪ್ರತಿ ಹಾಳೆಯ ಮೇಲೂ 'ಇದು ನೋಡದೆ ಬರೆದದ್ದು' ಎಂದು ಬರೆದು ಸಹಿ ಮಾಡಿದ್ದರು. ಆ ಕಟ್ಟನ್ನು ಮೇಜಿನ ಮೇಲಿಟ್ಟರು.

ಮೇಡಂ ಎದ್ದು ಬಾಗಿಲು ಹಾಕಿ ಬಂದರು.

"ಮಾಮ, ವರ್ಷಪೂರ್ತಿ ನಾಲ್ಕೇ ಡಿಗ್ರಿ ಇರೋ ಫ್ರಿಜ್ಜು ಪ್ರಪಂಚದಲ್ಲಿ ಎಲ್ಲೂ ಇಲ್ಲ ಅಂತ ನಂಗೆ ಗೊತ್ತಿಲ್ವಾ? ಹೋದ ವರ್ಷ ಮೂವತ್ತು ದಿನದ ತಿಂಗಳಿಗೆ ನೀವು ಮೂವತ್ತೊಂದನೇ ತಾರೀಖಿಗೂ ನಾಲ್ಕು ಬರೆದು ಕಳಿಸಿದ್ರಿ. ಅದನ್ನ ಅಳಿಸಿದವಳು ನಾನೇ."

ಮಾಮ ಬೆಪ್ಪಾಗಿ ನೋಡಿದರು. "ಮತ್ತೆ ಯಾಕೆ ಕೇಳ್ಲಿಲ್ಲ ಮೇಡಂ?"

"ಕೇಳಿದ್ರೆ ನೀವು ನಿಜ ಹೇಳ್ತಿದ್ರಿ. ನಾನು ಕೆಂಪು ತೋರಿಸ್ಬೇಕಾಗ್ತಿತ್ತು. ಕೆಂಪು ಜಾಸ್ತಿಯಾದ್ರೆ ನೆರವು ಸಂಸ್ಥೆಯವರು, ನಿಮ್ಮ ಕೈಲಿ ಆಗಲ್ಲ, ಮುಂದಿನ ವರ್ಷದಿಂದ ಬೇರೆ ಕಡೆ ಕೊಡ್ತೀವಿ ಅಂತಾರೆ. ಆಗ ನಲವತ್ತೆರಡು ಕೇಂದ್ರಕ್ಕೂ ಲಸಿಕೆ ಇಲ್ಲ. ಯಾವ ಮಗೂನ ಉಳಿಸ್ಲಿ, ಹೇಳಿ?"

"ಕೆಂಪು ತೋರಿಸಿದ್ರೆ ರಿಪೇರಿ ಮಾಡ್ಸೋದಲ್ವಾ ಅದರ ಉದ್ದೇಶ?"

"ಉದ್ದೇಶ ಅದೇ ಇತ್ತು," ಎಂದರು ಮೇಡಂ, ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತ. "ಇಪ್ಪತ್ತು ವರ್ಷದಿಂದ ಈ ಕುರ್ಚಿಯಲ್ಲಿದೀನಿ ಮಾಮ. ಉದ್ದೇಶಕ್ಕೆ ಯಾರೂ ಫೋನ್ ಮಾಡಿ ಬೈಯಲ್ಲ. ಕೆಂಪಿಗೆ ಬೈತಾರೆ." ಕಾಗದದ ಕಟ್ಟನ್ನು ಅಳೆಯುವವರಂತೆ ಒಮ್ಮೆ ಕೈಯಲ್ಲಿ ಎತ್ತಿದರು. "ಆಯ್ತು. ಇನ್ನೂರ ಎಂಬತ್ತಾರು ಡೋಸು, ಒಂದು ಫ್ರಿಜ್ಜು. ನೆರವು ಸಂಸ್ಥೆಯವರಿಗೆ ಕೇಳಿ ಬರೀತೀನಿ."

ಮೇಡಂ ಬರೆದರು, ಮಾತು ಉಳಿಸಿಕೊಂಡರು. ಉತ್ತರ ಐದನೇ ದಿನ ಬಂತು, ಎರಡೇ ಸಾಲು. 'ತಮ್ಮ ಕೇಂದ್ರದ ದಾಖಲೆಗಳ ಪ್ರಕಾರ ಸದರಿ ಅವಧಿಯಲ್ಲಿ ಉಷ್ಣಾಂಶವು ನಿರಂತರವಾಗಿ ನಾಲ್ಕು ಡಿಗ್ರಿ ಇದ್ದು, ಮುಕ್ತಾಯಗೊಂಡ ವರದಿಗಳನ್ನು ತಿದ್ದಲು ಅವಕಾಶವಿರುವುದಿಲ್ಲ. ಮರುಲಸಿಕೆಯ ಬೇಡಿಕೆಯನ್ನು ತಿರಸ್ಕರಿಸಲಾಗಿದೆ.'

ಮಾಮ ಅದನ್ನು ಎರಡು ಸಲ ಓದಿದರು. ಇನ್ನು ಯಾರ ಹತ್ತಿರ ಜಗಳವಾಡುವುದು? ಬೇರೆ ಯಾರಾದರೂ ಸುಳ್ಳು ಹೇಳಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು. ಅವರ ಮಾತಿಗೆ ಅವರದೇ ಅಕ್ಷರ ಎದುರು ನಿಂತಿತ್ತು. ಗೋಡೆಗೆ ಒರಗಿ ಕೂತರು.

ಅಂದು ಲಸಿಕೆಯ ದಿನ. ಹೊರಗೆ ಬೆಂಚಿನ ಮೇಲೆ, ಮೆಟ್ಟಿಲ ಮೇಲೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕೂತಿದ್ದರು. ಫ್ರಿಜ್ಜು ಖಾಲಿ. ಇದ್ದಬದ್ದ ಬಾಟಲಿಗಳನ್ನೆಲ್ಲ ಮಾಮನೇ ತೆಗೆದು, ಬಳಸಬಾರದೆಂದು ಚೀಟಿ ಅಂಟಿಸಿ ಡಬ್ಬಿಗೆ ಹಾಕಿದ್ದರು. ಈಗ ರಿಜಿಸ್ಟರನ್ನು ಎದೆಗೊತ್ತಿ ಹಿಡಿದು ಜಗಲಿಗೆ ಬಂದರು.

"ಇವತ್ತು ಲಸಿಕೆ ಇಲ್ಲ, ತಾಯಂದಿರೇ. ಇನ್ನೊಂದು ಮಾತು. ಈ ಆರು ತಿಂಗಳಲ್ಲಿ ಇಲ್ಲಿ ಚುಚ್ಚಿಸಿಕೊಂಡ ಮಕ್ಕಳಿಗೆ ಅದು ಕೆಲಸ ಮಾಡಿದೆಯೋ ಇಲ್ಲವೋ ನಂಗೆ ಗೊತ್ತಿಲ್ಲ. ಫ್ರಿಜ್ ಕೆಟ್ಟಿತ್ತು. ನಾನು ನೋಡಿರಲಿಲ್ಲ. ಮಗೂಗೆ ಜ್ವರ, ದದ್ದು ಕಂಡ್ರೆ, ಕಾರ್ಡಲ್ಲಿ ಲಸಿಕೆ ಹಾಕಿದೆ ಅಂತ ಸುಮ್ಮನಿರಬೇಡಿ. ಆಸ್ಪತ್ರೆಗೆ ಓಡಿ."

ಎಲ್ಲರೂ ಒಟ್ಟಿಗೇ ಮಾತಾಡಿದರು.

"ಹಾಗಾದ್ರೆ ಮತ್ತೆ ಚುಚ್ಚಿಸ್ಬೇಕಾ?"

"ಹೌದು."

"ಯಾವಾಗ?"

"ಗೊತ್ತಿಲ್ಲಮ್ಮ. ಔಷಧಿ ಕೊಡಲ್ಲ ಅಂದಿದಾರೆ. ಮತ್ತೆ ಬರೀತೀನಿ."

"ಕೆಲಸ ಬಿಟ್ಟು ಬಂದಿದೀವಿ ಕಣ್ರೀ, ತಮಾಷೆಯಾ ನಿಮಗೆ?" ಎಂದು ಒಬ್ಬಾಕೆ ಕಿರುಚಿದಳು. ಮತ್ತೊಬ್ಬಳು ಕಾರ್ಡನ್ನು ಮಾಮನ ಕಾಲ ಬಳಿ ಎಸೆದಳು. ಅವರು ಬಗ್ಗಿ ಅದನ್ನೆತ್ತಿ, ಒರೆಸಿ, ವಾಪಸು ಕೊಟ್ಟರು. ಪ್ರತಿಯೊಬ್ಬರ ಫೋನ್ ನಂಬರನ್ನೂ ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಂಡರು. ಹನ್ನೊಂದು ಜನ ಕೊಡದೆ ಹೋದರು.

ಜಗಲಿ ಖಾಲಿಯಾದ ಮೇಲೆ ಫೋನು ಬಂತು. ವರದಿ ಮೇಡಂ.

"ಇನ್ಮೇಲೆ ನಿಮ್ಮದನ್ನ ದಿನಾ ಫೋನಲ್ಲೇ ಕೇಳಿ ಹಾಕ್ತೀನಿ. ಇವತ್ತು ಬೆಳಗಿನ ಉಷ್ಣಾಂಶ ಹೇಳಿ ಮಾಮ."

"ಹದಿನಾಲ್ಕು."

"ಹದಿನಾಲ್ಕೇ ಹಾಕ್ಲಾ? ಬೈಗುಳ ನಂಗೂ ಬೀಳುತ್ತೆ."

"ನೋಡಿ ಹೇಳ್ತಿದೀನಿ ಮೇಡಂ."

ಕೀಲಿ ಒತ್ತಿದ ಸದ್ದು ಎರಡು ಸಲ ಕೇಳಿಸಿತು. "ಕೆಂಪಾಯ್ತು ಮಾಮ," ಎಂದರು ಮೇಡಂ. "ನಾಳೆಯೂ ನೋಡಿಯೇ ಹೇಳಿ." ಫೋನ್ ಇಟ್ಟರು.

ಮಾಮ ಹೊಸ ಚಾರ್ಟನ್ನು ಗೋಡೆಗೆ ಅಂಟಿಸಿ, ಬೆಳಗಿನ ಮನೆಯಲ್ಲಿ ಹದಿನಾಲ್ಕು ಎಂದು ಬರೆದರು. ಅಂಕಿ ಸೊಟ್ಟಗಾಯಿತು. ಫೋನು ಮತ್ತೆ ಬಂತು. ಆರು ದಿನದಿಂದ ಅಪ್ಪನೊಡನೆ ಒಂದು ಮಾತೂ ಆಡದ ಮಗಳು.

"ಅಪ್ಪ, ಜ್ವರ ನೂರಿದೆ. ಬಲಗಣ್ಣು ಬಿಟ್ಟಿದಾಳೆ. ದಡಾರದಿಂದ ಎಡಗಣ್ಣಿಗೆ ಬಿಳಿ ಪೊರೆ ಬಂದಿದೆ, ದೀಪ ಹಿಡಿದ್ರೆ ಆ ಕಡೆ ತಿರುಗ್ತಿಲ್ಲ." ಕೊನೆಗೆ ಸೇರಿಸಿದಳು. "ನೋಡಿಯೇ ಹೇಳ್ತಿದೀನಿ."

"ಮಗಳೇ..." ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಮಾಮ ಪೆನ್ನು ಹಿಡಿದು ಚಾರ್ಟಿನ ಮುಂದೆ ನಿಂತೇ ಇದ್ದರು. ಬೆಳಗಿನ ಮನೆಯ ಪಕ್ಕದಲ್ಲಿ ಸಂಜೆಯ ಮನೆ ಖಾಲಿಯಿತ್ತು. ಗಡಿಯಾರದಲ್ಲಿ ಹನ್ನೆರಡೂವರೆ. ಪೆನ್ನಿಗೆ ಮುಚ್ಚಳ ಹಾಕಿ, ಕುರ್ಚಿಯನ್ನು ಫ್ರಿಜ್ಜಿನ ಕಡೆಗೆ ತಿರುಗಿಸಿಕೊಂಡು, ಸಂಜೆಯಾಗುವುದನ್ನು ಕಾಯುತ್ತ ಕೂತರು.