ಕೆಂಬಾಳೆಯ ಕೂಗು

ಬಾಳೆಯ ಸೊನೆ ಕೈಗೆ ಹತ್ತಿದರೆ ಹೋಗುವುದಿಲ್ಲ. ಸಾಬೂನು ಹಚ್ಚಿ ಕಲ್ಲಿಗೆ ತಿಕ್ಕಿದರೂ ಕರಿ ಉಳಿಯುತ್ತದೆ. ದತ್ತಪ್ಪನ ಬೆರಳುಗಳು ಹಾಗೇ ಇದ್ದವು. ರೇಶನ್ ಅಂಗಡಿಯ ಮಿಷನ್ನು ಅವನ ಹೆಬ್ಬೆಟ್ಟು ಹಿಡಿಯುತ್ತಿರಲಿಲ್ಲ. ಅಕ್ಕಿ ತರಲು ಹೋದವನು ಖಾಲಿ ಚೀಲ ಹಿಡಿದು ಬರುತ್ತಿದ್ದ. ಅವನ ಫೋನೂ ಅವನ ಬೆರಳನ್ನು ಗುರುತಿಸುತ್ತಿರಲಿಲ್ಲ. ಸಿಟ್ಟು ಬಂದು ಒಂದು ದಿನ ಲಾಕೇ ತೆಗೆಸಿಬಿಟ್ಟ.

"ಹಂಗ ಬಿಟ್ರ ಯಾರರೆ ತೆಗದು ನೋಡ್ತಾರಲ್ಲೋ," ಅಂದೆ.

"ನೋಡ್ಲಿ ಬಿಡಕ್ಕ. ಅದ್ರಾಗ ಏನದ? ಬಾಳಿಹಣ್ಣು, ನಮ್ಮವ್ವ. ಇಷ್ಟೇ."

ನಾನು ಚಂದಮ್ಮ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಗಾಡಿ ಇಟ್ಟು ಪೇರಲ ಹಣ್ಣು ಮಾರುತ್ತೇನೆ. ನನ್ನ ಪಕ್ಕದ್ದು ದತ್ತಪ್ಪನ ಗಾಡಿ. ಅದರಾಚೆ ಸಲಾವುದ್ದೀನ್ ಚಾಚಾ ನೆಲದ ಮೇಲೆ ಚಾದರ ಹಾಸಿ ಬಾಚಣಿಗೆ, ಕನ್ನಡಿ ಮಾರುತ್ತಿದ್ದ. ಮುದುಕ, ಮೊಣಕಾಲು ಹೋಗಿತ್ತು.

ದತ್ತಪ್ಪ ಮಾರುತ್ತಿದ್ದದ್ದು ಕಮಲಾಪುರದ ಕೆಂಪು ಬಾಳೆ. ಅಲ್ಲಿ ಅವನ ತಾಯಿ ಕಸ್ತೂರಿಬಾಯಿಯದು ಒಂದು ತುಂಡು ತೋಟ. ದಿನಾ ಸಂಜೆ ಅವನು ಗಾಡಿಯಲ್ಲಿ ಉಳಿದ ಹಣ್ಣಿನ ವಿಡಿಯೋ ಮಾಡಿ ಅವ್ವನಿಗೆ ಕಳಿಸುತ್ತಿದ್ದ. ಆಕೆಗೆ ಓದಲು ಬರೆಯಲು ಬಾರದು. ವಿಡಿಯೋ ನೋಡಿ, ನಾಳೆ ಯಾವ ಗೊನೆ ಕಡಿಯಬೇಕು ಎಂದು ಮಾತಾಡಿ ಕಳಿಸುತ್ತಿದ್ದಳು. ತಾಯಿ ಮಗನ ವ್ಯಾಪಾರ ನಡೆಯುತ್ತಿದ್ದದ್ದು ಹೀಗೆ.

ಅವನದು ಇನ್ನೊಂದು ಹುಚ್ಚಾಟವಿತ್ತು. ಗಾಡಿಯ ಸ್ಪೀಕರಿಗೆಂದು ತಾನೇ ಕೂಗಿ ಹಿಡಿದಿಟ್ಟುಕೊಂಡ ಕೂಗನ್ನು ಫೋನಿನ ರಿಂಗಿಗೂ ಹಾಕಿಕೊಂಡಿದ್ದ. ಫೋನು ಬಂದರೆ ಅವನ ದನಿಯೇ ಕೂಗುತ್ತಿತ್ತು: "ಕಮಲಾಪುರದ ಕೆಂಬಾಳೀ... ತೊಗಲು ಕೆಂಪು, ಒಳಗ ಬೆಣ್ಣೀ... ಬರ್ರಿ ಯವ್ವಾ, ಬರ್ರಿ ಯಪ್ಪಾ..." ಗಿರಾಕಿಗಳು ಅತ್ತಿತ್ತ ನೋಡುತ್ತಿದ್ದರು. ನಾವು ನಗುತ್ತಿದ್ದೆವು.

ಒಂದು ಸಂಜೆ ಠಾಣೆಯ ಹೊಸ ಸಾಹೇಬ ಜೀಪಿನಿಂದ ಇಳಿದ. ಅವನ ಹೆಸರು ಹೇಳುವುದಿಲ್ಲ. ಹೆದರಿ ಅಲ್ಲ, ಕೋರ್ಟಿನಲ್ಲಿ ಹೇಳುವುದಿದೆ. ಗಾಡಿ ತೆಗೆಯಿರಿ ಅಂದ, ನಾವು ದೂಕತೊಡಗಿದೆವು. ಚಾಚಾ ಚಾದರ ಮಡಚುವುದು ತಡವಾಯಿತು. ಲಾಠಿ ಅವನ ಮೊಣಕಾಲಿಗೇ ಬಿತ್ತು. ಮತ್ತೆ ಅಲ್ಲಿಗೇ ಬಿತ್ತು.

ದತ್ತಪ್ಪ ಅವ್ವನಿಗೆ ಹಣ್ಣು ತೋರಿಸಲು ಫೋನು ಹಿಡಿದಿದ್ದ. ಅದನ್ನೇ ಆ ಕಡೆ ತಿರುಗಿಸಿದ.

"ಸಾಹೇಬ್ರ, ವಯಸ್ಸಾದವರದಾರ, ಹೊಡಿಬ್ಯಾಡ್ರಿ. ನಾ ವಿಡಿಯೋ ಮಾಡ್ಲಾಕತ್ತೀನಿ."

ಅನ್ನುತ್ತ ಅನ್ನುತ್ತ ಹತ್ತಿರ ಹೋದ. ದೂರ ನಿಲ್ಲಲು ಅವನಿಗೆ ಯಾರು ಹೇಳಿಕೊಟ್ಟಿದ್ದರು? ವಿಡಿಯೋ ಅವ್ವನಿಗೆ ಕಳಿಸಿಯೂಬಿಟ್ಟ. ಅಷ್ಟರಲ್ಲಿ ಲಾಠಿ ಅವನ ತಲೆಗೆ ಬಿತ್ತು. ಬಿದ್ದವನ ತಲೆ ಮತ್ತೆ ಡಿವೈಡರಿನ ಕಲ್ಲಿಗೆ ಬಡಿಯಿತು. ಕಿವಿಯಿಂದ ರಕ್ತ ಬಂತು.

ಸಾಹೇಬ ಬಗ್ಗಿದ. ನೀರು ಕುಡಿಸುತ್ತಾನೆ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅವನು ಫೋನು ಎತ್ತಿಕೊಂಡ. ಲಾಕ್ ಇರಲಿಲ್ಲವಲ್ಲ, ಮುಟ್ಟಿದ ಕೂಡಲೇ ತೆರೆಯಿತು. ದತ್ತಪ್ಪ ಕಾಲ ಬುಡದಲ್ಲಿ ಒದ್ದಾಡುತ್ತಿದ್ದ. ಸಾಹೇಬ ನಿಂತು ಬೆರಳಾಡಿಸಿ, ಮುಗಿಸಿ, ಫೋನನ್ನು ಜೇಬಿಗಿಟ್ಟುಕೊಂಡ.

ಆಸ್ಪತ್ರೆ ಮುಟ್ಟುವ ಮುಂಚೆಯೇ ದತ್ತಪ್ಪ ಹೋದ. ಗಾಡಿ ದೂಕುವಾಗ ತಾನೇ ಎಡವಿ ಬಿದ್ದು ಸತ್ತ ಎಂದು ಪೊಲೀಸರು ಬರೆದರು. ಫೋನು ಎಲ್ಲಿ ಎಂದರೆ ಫೋನೇ ಇರಲಿಲ್ಲ ಅಂದರು. ನಾನು ಕಂಡದ್ದು ಹೇಳಲು ಠಾಣೆಗೆ ಹೋದೆ. "ನೀ ಪೇರಲ ಮಾರ್ಲಾಕತ್ತಿದ್ದಿ, ನಿನಗೇನು ಕಾಣ್ತದ? ನಡಿ," ಎಂದು ಕಳಿಸಿದರು.

ಕಮಲಾಪುರದಲ್ಲಿ ಮಣ್ಣು ಮಾಡಿದೆವು. ಮಣ್ಣಾದ ಮೇಲೆ ಕಸ್ತೂರಿಬಾಯಿ ನನ್ನ ಹತ್ತಿರ ಬಂದು ತನ್ನ ಫೋನು ಚಾಚಿದಳು.

"ಚಂದಮ್ಮ, ಅವತ್ತ ಸಂಜಿಕ ನಾ ತೋಟದಾಗಿದ್ದೆ. ಫೋನ್ ಮನ್ಯಾಗಿತ್ತು. ನನ್ನ ಮಗ ಏನೋ ಕಳಸ್ಯಾನ. ಒತ್ತಿದ್ರ ತೆರೀವಲ್ದು. ಜರಾ ತೆಗದು ತೋರಸವ್ವ."

ನೋಡಿದೆ. ಒಂದು ಬೂದು ಬಣ್ಣದ ಸಾಲು ಇತ್ತು: ಈ ಸಂದೇಶವನ್ನು ಅಳಿಸಲಾಗಿದೆ.

ನಾಲ್ಕನೆಯ ಇಯತ್ತೆಯ ತನಕ ಹೋಗಿ ಓದಲು ಕಲಿತದ್ದಕ್ಕೆ ಆ ದಿನ ನನ್ನನ್ನೇ ಬೈದುಕೊಂಡೆ. "ನೆಟ್ ಇಲ್ಲಬೇ," ಎಂದು ಹೇಳಿದೆ. ಆಮೇಲೆ ಆಕೆ ಬಸ್ಸಿನಲ್ಲಿ ಕೂತವರಿಗೂ ಅದನ್ನೇ ತೋರಿಸಿದಳು, ಕಿರಾಣಿ ಅಂಗಡಿಯವನಿಗೂ ತೋರಿಸಿದಳು. ಎಲ್ಲರೂ ಓದಿದರು. ಒಬ್ಬರೂ ಬಾಯಿ ಬಿಡಲಿಲ್ಲ.

ಅವಳ ಹಣ್ಣನ್ನು ನಾನೇ ತಂದು ಮಾರತೊಡಗಿದೆ. ಹೊತ್ತು ಮುಳುಗುವಾಗ ಸೇಡಂ ರಸ್ತೆಯ ಗದ್ದಲದಲ್ಲಿ ದತ್ತಪ್ಪನ ಕೂಗು ನನಗೆ ಕೇಳುತ್ತಿತ್ತು. ತಿರುಗಿ ನೋಡುತ್ತಿದ್ದೆ. ಅವನ ಗಾಡಿಯ ಜಾಗ ಖಾಲಿ ಇರುತ್ತಿತ್ತು. ಹಾದು ಹೋಗುವವರು ಅಲ್ಲಿ ಕಾಲಿಟ್ಟರೆ ನನಗೆ ಸಿಟ್ಟು ಬರುತ್ತಿತ್ತು. ಚಾಚಾ ನನ್ನ ಹತ್ತಿರ ಕೂಡುತ್ತಿದ್ದ, ಮಾತು ಬಿಟ್ಟಿದ್ದ.

ಕಸ್ತೂರಿಬಾಯಿ ಮಾತ್ರ ಮಾತು ನಿಲ್ಲಿಸಿರಲಿಲ್ಲ. ಫೋನು ಹಚ್ಚಿದರೆ ಬಂದ್ ಇದೆ ಅನ್ನುತ್ತಿತ್ತು, ಆದರೂ ದಿನಾ ಸಂಜೆ ಫೋನು ಬಾಯಿ ಹತ್ತಿರ ಹಿಡಿದು ಮಗನ ನಂಬರಿಗೆ ಮಾತು ಕಳಿಸುತ್ತಿದ್ದಳು. ನನ್ನೆದುರಿಗೇ ಕಳಿಸಿದ್ದು ಕೇಳಿದ್ದೇನೆ. "ದತ್ತೂ, ಮೂಡಲ ಸಾಲಿನ ಗೊನಿ ಬಲತದಪ. ಕಡಿಲೇನು? ಉಂಡೇನು? ತಲಿ ಇನ್ನಾ ನೋಯ್ತದೇನು?" ಕೇಳಲಾಗದೆ ನಾನು ಎದ್ದು ಹೊರಗೆ ಹೋಗಿದ್ದೆ.

ಒಂದು ದಿನ ಹಣ್ಣು ತರಲು ಹೋದಾಗ ಅಂಗಳದಲ್ಲಿ ಕೂತಿದ್ದಳು. ಮುಖ ಅರಳಿತ್ತು.

"ಇಲ್ಲಿ ನೋಡು. ಎಲ್ಲಾ ನೀಲಿ ಆಗ್ಯಾವ. ಅವ ಕೇಳಿದ್ರ ಹಿಂಗ ನೀಲಿ ಆಗ್ತಿದ್ದವು. ನನ್ನ ಮಗ ಕೇಳ್ಯಾನ."

ಫೋನು ಇಸಿದುಕೊಂಡೆ. ಅವಳು ಮಾತಾಡಿ ಕಳಿಸಿದ ಎಲ್ಲದರ ಪಕ್ಕದ ಮೈಕಿನ ಗುರುತೂ ನೀಲಿಯಾಗಿತ್ತು. ಮೇಲಿನಿಂದ ಕೆಳಗಿನವರೆಗೆ ಒಂದನ್ನೂ ಬಿಡದೆ ಯಾರೋ ಕೇಳಿದ್ದರು. ಬಾಳೆಯ ಸಾಲಿನ ಕಡೆ ನೋಡಲು ಹೆದರಿಕೆಯಾಯಿತು. ಆಮೇಲೆ ತಲೆಗೆ ಹೊಳೆಯಿತು. ಸತ್ತವರು ಫೋನು ಚಾರ್ಜಿಗೆ ಹಾಕುತ್ತಾರೇನು? ಇಲ್ಲದ ಫೋನು ಯಾರದೋ ಕೈಯಲ್ಲಿ ಜೀವಂತ ಇದೆ. ತಾಯಿಯೊಬ್ಬಳು ಸತ್ತ ಮಗನಿಗೆ ಆಡಿದ ಮಾತನ್ನು ಯಾವನೋ ಕಾಲು ಚಾಚಿ ಕೂತು ಕೇಳುತ್ತಿದ್ದಾನೆ.

ಆಕೆಯನ್ನು ಕರೆದುಕೊಂಡು ಕಲಬುರಗಿಯ ಗಾಜಿಪುರ ಓಣಿಗೆ ಬಂದೆ. ಅಲ್ಲಿ ಮಾಯಾ ಅಂತ ವಕೀಲೆ ಇದ್ದಾಳೆ. ದತ್ತಪ್ಪನ ಕೇರಿಯಲ್ಲೇ ಬೆಳೆದ ಹುಡುಗಿ. ಮೊದಲು ತನ್ನ ಫೋನಿನಿಂದ ಕಸ್ತೂರಿಬಾಯಿಯ ಫೋನಿನ ವಿಡಿಯೋ ಹಿಡಿದಳು.

"ಮಗ ಕಳ್ಸಿದ್ದು ಅವ್ರು ಅಳಸಿದ್ರು. ಅವ್ವ ಕಳ್ಸಿದ್ದನ್ನ ಈ ಫೋನಿನಾಗಿಂದ ಅಳಸಲಾಕ ಅವರಪ್ಪನ ಕೈಲೂ ಆಗಂಗಿಲ್ಲ," ಅಂದಳು.

"ಏನು ಅಳಸಿದ್ರು?" ಎಂದಳು ಕಸ್ತೂರಿಬಾಯಿ.

ಇನ್ನು ಮುಚ್ಚಿಡುವುದಾಗಲಿಲ್ಲ. ಆ ಬೂದು ಸಾಲನ್ನು ಬೆರಳಿಟ್ಟು ಓದಿ ಹೇಳಿದೆ. ನೀಲಿಯಾದದ್ದು ಅವನಿಂದಲ್ಲ ಎಂದೂ ಹೇಳಿದೆ. ಅವಳು ಅಳಲಿಲ್ಲ. ಸೆರಗಿನಿಂದ ಫೋನಿನ ಗಾಜು ಒರೆಸುತ್ತ ಕೂತಳು.

"ನನ್ನ ಮಾತು ಕೇಳ್ದಾಂವ ಯಾರು? ಅವನ ಮಾರಿ ನಾ ನೋಡಬೇಕು."

ಶರಣಬಸವೇಶ್ವರ ಗುಡಿಯ ಹೊರಗೆ ಗಾಡಿಯವರೆಲ್ಲ ಕೂಡಿದೆವು. ಮಾಯಾ ಹೇಳುತ್ತಾ ಹೋದಳು. "ರಸ್ತೆ ಮ್ಯಾಲ ಪೊಲೀಸರು ಮಾಡೋದನ್ನ ವಿಡಿಯೋ ಮಾಡೋದು ಗುನ್ಹಾ ಅಲ್ರಿ. ಅವರ ಕೆಲಸಕ್ಕ ಅಡ್ಡ ಬರೋದು ಗುನ್ಹಾ. ಅದಕ್ಕ ದೂರ ನಿಂದ್ರಿ. ಬೈಬ್ಯಾಡ್ರಿ, ಮೈಮ್ಯಾಲ ಹೋಗಬ್ಯಾಡ್ರಿ. ಫೋನಿಗಿ ನಂಬರಿನ ಲಾಕ್ ಹಾಕ್ರಿ."

"ಕಸ್ಕೊಂಡ್ರ?" ಎಂದೆ.

"ಜಗ್ಗಾಡಬ್ಯಾಡಕ್ಕ. ತಗೊಂಡೀವಂತ ಬರ್ದು ಕೊಡ್ರಿ ಅನ್ರಿ. ಅಷ್ಟರಾಗ ಅದು ಬ್ಯಾರೆಯವರಿಗಿ ಹೋಗಿರಬೇಕು. ಒಬ್ಬರಿಗಿ ಕಳ್ಸಿದ್ರ ಏನಾಗ್ತದ, ನೋಡೀರಲ್ಲ."

ಆಗ ಚಾಚಾ ಬಾಯಿ ಬಿಟ್ಟ. "ನಂಗೂ ಒಂದು ಫೋನ್ ಕೊಡ್ರಿ. ಒತ್ತೋದು ಎಲ್ಲಿ, ತೋರಸ್ರಿ. ಅಂವ ನನ್ನ ಸಲುವಾಗಿ ಸತ್ತಾನ."

ಮರುದಿನ ಠಾಣೆಗೆ ಹೋದೆವು. ಗಾಡಿಯವರೆಲ್ಲ ಗೇಟಿನ ಹೊರಗೆ, ರಸ್ತೆಯ ಅಂಚಿಗೆ ಸಾಲಾಗಿ ನಿಂತರು. ಫೋನುಗಳು ಎದೆಮಟ್ಟ ಏರಿದವು. ಚಾಚಾ ಗೇಟಿನ ಕಂಬಕ್ಕೆ ಒರಗಿ ನಿಂತು ಫೋನು ಹಿಡಿದ. ಮಾಯಾ, ನಾನು, ಕಸ್ತೂರಿಬಾಯಿ ಒಳಗೆ ಹೋದೆವು. ಬಾಗಿಲು ತೆರೆದೇ ಇತ್ತು, ಅಲ್ಲಿ ಪೇದೆಯೊಬ್ಬ ನಿಂತಿದ್ದ; ಗೇಟಿನಿಂದ ಮೇಜು ಕಾಣುತ್ತಿತ್ತು. ಸಾಹೇಬ ಮೇಜಿನ ಹಿಂದೆ ಕೂತಿದ್ದ.

"ಎಷ್ಟು ಸಲ ಹೇಳ್ಬೇಕು ನಿಮಗ? ಅವನ ಹತ್ರ ಫೋನ್ ಇದ್ದಿಲ್ಲ."

"ಇನ್ನೊಮ್ಮೆ ಹೇಳ್ರಿ ಸರ್," ಎಂದಳು ಮಾಯಾ.

"ಇದ್ದಿಲ್ಲ. ಹೊರಗ ನಿಂತವರು ಯಾರು? ಬಂದ್ ಮಾಡಸು ಅದನ್ನ."

"ಅವ್ರು ರಸ್ತೆ ಮ್ಯಾಲ ಅದಾರ ಸರ್. ಯಾರಿಗೂ ಅಡ್ಡ ಆಗಿಲ್ಲ."

ಕಸ್ತೂರಿಬಾಯಿ ಫೋನು ತೆಗೆದು ಮಗನ ಫೋಟೋ ಹುಡುಕಿ ಅವನ ನಂಬರಿಗೆ ಫೋನು ಹಚ್ಚಿದಳು. ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು. ರಿಂಗು ಬರುವುದಿಲ್ಲ ಅಂದುಕೊಂಡೆ.

ಆಗ ಸಾಹೇಬನ ಮೇಜಿನ ಡ್ರಾಯರಿನೊಳಗಿಂದ ಎದ್ದಿತು.

"ಕಮಲಾಪುರದ ಕೆಂಬಾಳೀ... ತೊಗಲು ಕೆಂಪು, ಒಳಗ ಬೆಣ್ಣೀ... ಬರ್ರಿ ಯವ್ವಾ, ಬರ್ರಿ ಯಪ್ಪಾ..."

ಬಾಗಿಲಲ್ಲಿದ್ದ ಪೇದೆ ಗೋಡೆಗೆ ಅಂಟಿ ನಿಂತ. ಗೇಟಿನ ಹತ್ತಿರ ಚಾಚಾ ಅತ್ತದ್ದು ಕೇಳಿಸಿತು. ಸಾಹೇಬ ಡ್ರಾಯರನ್ನು ಎರಡೂ ಕೈಯಿಂದ ಅದುಮಿ ಹಿಡಿದ, ಕೂಗು ಅಡಗಲಿಲ್ಲ. ಅವನ ಮುಖ, ಆ ಕೈ, ಆ ಡ್ರಾಯರು ಹೊರಗಿನ ಎಲ್ಲ ಫೋನುಗಳಿಗೂ ಹೋಗುತ್ತಿದ್ದವು.

"ಕಟ್ ಮಾಡು ಅದನ್ನ," ಎಂದ ಕಸ್ತೂರಿಬಾಯಿಗೆ.

ಅವಳು ಮೇಜಿನ ಹತ್ತಿರಕ್ಕೆ ಹೋಗಿ ಅವನ ಮುಖವನ್ನು ಸಾವಕಾಶ ನೋಡಿದಳು.

"ನೀ ಎತ್ತು. ಇಷ್ಟು ದಿನ ಕೇಳೀದಿ. ಈಗ ಮಾತಾಡು."