ಭಾವನ ಜೀವಕೋಶಗಳಿಗೆ ಹೇಳಿದ ಆಡಿನ ಕಥೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ಸೂಕ್ಷ್ಮದರ್ಶಕ ನನ್ನ ತಲೆ ಮೇಲೇ ಬೀಳಲಿ — ಪರದೆಯ ಮೇಲೆ ಒಂದು ಖಾಲಿ ಓಣಿ, ಅದರ ಆಚೆ ಈಚೆ ಒತ್ತೊತ್ತಾಗಿ ಕೂತಿರುವುದು ನನ್ನ ಭಾವ, ಅಂದರೆ ಭಾವನ ಮೂತ್ರಕೋಶದಿಂದ ಡಾಕ್ಟರು ಕೆರೆದು ತೆಗೆದ ಕ್ಯಾನ್ಸರ್ ಗಡ್ಡೆಯ ಕೋಶಗಳು, ನಾನೇ ತಟ್ಟೆಯಲ್ಲಿ ಬೆಳೆಸಿ ನಾನೇ ಪ್ಲಾಸ್ಟಿಕ್ ತುದಿಯಿಂದ ನಡುವೆ ಗೀರು ಎಳೆದಿದ್ದೇನೆ, ದಾಟುತ್ತವೋ ಇಲ್ಲವೋ ನೋಡುವುದಕ್ಕೆ. ತಗೊಂಡು ಹೋಗಮ್ಮ, ನಂಗೇ ಬೇಡವಾದದ್ದು ನಿಂಗ್ಯಾಕೆ, ಅಂದಿದ್ದರು ಭಾವ ಸಹಿ ಹಾಕುತ್ತಾ, ಮೊದಲ ಸಲ ಮೂತ್ರ ಕೆಂಪಾದಾಗ ಬೀಟ್‌ರೂಟ್ ಮೇಲೆ ತಪ್ಪು ಹೊರಿಸಿದ ಮನುಷ್ಯ, ರೀ, ಈ ಮನೆಗೆ ಬೀಟ್‌ರೂಟ್ ಬಂದು ಯಾವ ಕಾಲವಾಯ್ತು ಅಂತ ಅಕ್ಕ ಕೇಳುವವರೆಗೆ. ಸದ್ಯ ಒಳಗೋಡೆಯಲ್ಲೇ ಇದೆ, ಅಲ್ಲಿಂದ ಹೊರಟರೆ ಕಷ್ಟ, ಅಂದರು ಡಾಕ್ಟರು, ಎದ್ದು ಹೊರಡುವುದೇ ಭಾವನ ಹುಟ್ಟುಗುಣ ಅಂತ ಅವರಿಗೇನು ಗೊತ್ತು, ನನ್ನ ಒಂದು ಕಥೆಯನ್ನೂ ಭಾವ ಪೂರ್ತಿ ಕೇಳಿದವರಲ್ಲ, ನಾನೂ ಒಂದು ಆಡೂ ಲಿಫ್ಟಿನಲ್ಲಿ ಸಿಕ್ಕಿಕೊಂಡ ಕಥೆ, ನಿಜವಾಗಿ ನಡೆದದ್ದು, ಆಡು ಗುಂಡಿಗಳ ಕಡೆ ತಿರುಗುವಷ್ಟರಲ್ಲಿ ಅವರ ಬಲಗಾಲು ಕುರ್ಚಿ ಕೆಳಗಿಂದ ಮೆಲ್ಲಗೆ ಹೊರಬಂದು ಚಪ್ಪಲಿ ಹುಡುಕುತ್ತಿರುತ್ತದೆ, ಆಮೇಲೆ ಬರ್ತೀನಮ್ಮ. ಈ ಸಲ ನಾನು ಬಿಡುವವಳಲ್ಲ — ಪ್ರತಿ ಕೋಶದಲ್ಲೂ ಅವೇ ಜೀನುಗಳು, ಯಾವುದು ಮಾತಾಡಬೇಕು ಯಾವುದು ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದಷ್ಟೇ ವ್ಯತ್ಯಾಸ, ಥೇಟ್ ನಮ್ಮನೆ ಊಟದ ಮೇಜು. ಪಕ್ಕದವರ ಕೈ ಹಿಡಿದು ಕೂರಿಸುವ ಅಂಟಿನ ಜೀನ್ ಒಂದು, ಪಾಪದ್ದು, ಅದನ್ನು ಗದರಿಸಿ ಸುಮ್ಮನಾಗಿಸುವ ಜೀನ್ ಇನ್ನೊಂದು, ಇದು ಗದರಿತೋ, ಅಂಟು ಬಿಟ್ಟು ಕೋಶ ಊರು ಸುತ್ತಲು ಹೊರಡುತ್ತದೆ, ನಾನು ಗದರುವುದರ ಬಾಯಿಗೇ ಬಟ್ಟೆ ತುರುಕಿದ್ದೇನೆ. ತುರುಕದೆ ಬಿಟ್ಟ ಇನ್ನೊಂದು ತಟ್ಟೆಯಲ್ಲಿ ಬೆಳಗಾಗುವಷ್ಟರಲ್ಲಿ ಓಣಿಯೇ ಇಲ್ಲ, ನುಗ್ಗಿ ಮುಚ್ಚಿಬಿಟ್ಟಿವೆ, ಇಲ್ಲಿ ಮಾತ್ರ ಗುಡಿಸಿಟ್ಟ ಹಾಗಿದೆ. ಏನೇ, ಕೂತಿದಾವಾ, ಅಕ್ಕನ ಫೋನು, ನಿನ್ನ ಗಂಡನಿಗಿಂತ ವಿಧೇಯವಾಗಿ ಕೂತಿವೆ ಕಣೇ, ಹಾಗಾದ್ರೆ ಔಷಧಿ ಸಿಕ್ತಾ, ತಟ್ಟೆಯಿಂದ ಮನುಷ್ಯನ ತನಕ ವರ್ಷಗಟ್ಟಲೆ ದಾರಿ ಇದೆ ಅಕ್ಕ, ಇರಲಿ ಬಿಡೇ, ದಾರಿ ಅಂತ ಒಂದಿದೆಯಲ್ಲ. ಇದೆ, ಇಲ್ಲದೆ ಏನು, ಕ್ಯಾಮೆರಾ ಆಗಾಗ ತೆಗೆದಿಟ್ಟ ಚಿತ್ರಗಳು ಒಂದರ ಹಿಂದೊಂದು ಓಡುತ್ತಿವೆ, ಎಲ್ಲದರಲ್ಲೂ ಭಾವ ಕೂತೇ ಇದ್ದಾರೆ, ಇಂಥ ಅವಕಾಶ ಇನ್ನು ಸಿಗುವುದಿಲ್ಲ, ಕೋಣೆಯಲ್ಲಿ ಬೇರೆ ಯಾರೂ ಇಲ್ಲ, ನಿಮಗೆ ಚಪ್ಪಲಿಯೂ ಇಲ್ಲ, ಕೇಳಿ ಭಾವ, ಲಿಫ್ಟು ನಿಂತಿತು, ಆಡು ಗುಂಡಿಗಳ ಕಡೆ ತಿರುಗಿತು, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿತು, ಮೂತಿ ಎತ್ತಿ — ಎಡ ಅಂಚಿನಲ್ಲಿ ಏನದು, ಧೂಳು, ಗಾಜಿನ ಮೇಲಿನ ಧೂಳು, ಮುಂದಿನ ಚಿತ್ರ, ಧೂಳಲ್ಲ, ಒಂದು ಕೋಶ, ಒಂದೇ ಒಂದು, ಪಕ್ಕದವರಿಂದ ಕೈ ಬಿಡಿಸಿಕೊಳ್ಳುತ್ತಾ, ಮೂತಿ ಎತ್ತಿ ಆ ಆಡು ಏನು ಮಾಡಿತು ಅಂದರೆ, ಕೂತ್ಕೊಳ್ಳಿ ಭಾವ, ಇನ್ನೊಂದು ಗಳಿಗೆ, ಮುಗೀತು ಕಥೆ, ಮುಂದಿನ ಚಿತ್ರ, ಮೆಲ್ಲಗೆ, ತೆಳ್ಳಗೆ, ಖಾಲಿ ಓಣಿಯೊಳಕ್ಕೆ ಒಂದು ಕಾಲು, ಚಪ್ಪಲಿ ಹುಡುಕುತ್ತಾ