ತೊಟ್ಟಿಕ್ಕುವ ನಲ್ಲಿಯ ಮನೆ

ಉಮಾಪತಿಯ ಮಾತಿನ ಹಿಂದೆ ಯಾವಾಗಲೂ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಸಂಜೆ ಅವನು ಫೋನ್ ಮಾಡಿದಾಗಲೆಲ್ಲ ಟಪ್, ಟಪ್ ಎಂದು ಬಕೆಟ್ಟಿಗೆ ಹನಿ ಬೀಳುವುದು ಕೇಳುತ್ತಿತ್ತು. ಮಾತು ಶುರುವಾದಾಗ ಖಾಲಿ ಬಕೆಟ್ಟಿನ ತಳಕ್ಕೆ ಬಿದ್ದು ಗಟ್ಟಿಯಾಗಿ ಕೇಳುತ್ತಿದ್ದ ಸದ್ದು, ಮಾತು ಮುಗಿಯುವ ಹೊತ್ತಿಗೆ ನೀರಿನ ಮೇಲೆ ನೀರು ಬಿದ್ದು ಮೆತ್ತಗಾಗಿರುತ್ತಿತ್ತು.

"ಆ ನಲ್ಲಿಗೊಂದು ವಾಷರ್ ಹಾಕಿಸಬಾರದೇನ್ರೀ?" ಎಂದು ಒಮ್ಮೆ ಕೇಳಿದ್ದೆ.

"ಹಾಕಿಸೋಣ ಬಿಡಿ" ಎಂದು ನಕ್ಕು ಮಾತು ಬದಲಿಸಿದ್ದ.

ನನಗೆ ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ಆಗ ನಾನು ಬಸ್ ನಿಲ್ದಾಣದಲ್ಲಿ ಅನೌನ್ಸ್ ಮಾಡುವ ಕೆಲಸದಲ್ಲಿದ್ದೆ. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಇಡೀ ಊರಿಗೆ ಮೈಕಿನಲ್ಲಿ ಹೇಳುತ್ತಿದ್ದವಳು ನಾನೇ. ಆದರೆ ಬೆಳಿಗ್ಗೆ ನನ್ನನ್ನು ಆ ಮೈಕಿನ ಮುಂದೆ ತಂದು ಕೂರಿಸುತ್ತಿದ್ದವನು ನನ್ನಣ್ಣ, ಸಂಜೆ ಬಂದು ಕೈಹಿಡಿದು ಕರೆದೊಯ್ಯುತ್ತಿದ್ದವನೂ ಅವನೇ. ಊರಿಗೆಲ್ಲ ದಾರಿ ಹೇಳುತ್ತಿದ್ದ ನಾನು ಒಂದೇ ಒಂದು ಬಸ್ಸನ್ನೂ ಒಬ್ಬಳೇ ಹತ್ತಿದವಳಲ್ಲ.

ಉಮಾಪತಿ ಕಂಡಕ್ಟರ್. ಅವನ ಬಸ್ಸನ್ನು ನಾನು ಒಂದು ದಿನ ತಪ್ಪು ಅಂಕಣಕ್ಕೆ ಕಳಿಸಿದ್ದೆ. ಜಗಳವಾಡಲೆಂದು ಮೈಕಿನ ಕೋಣೆಗೆ ಬಂದವನು ಚಹಾ ಕುಡಿದು ಹೋದ. ಮರುದಿನ ಜಗಳಕ್ಕೆ ಕಾರಣವಿಲ್ಲದಿದ್ದರೂ ಬಂದ. ಹಾಗೆ ಬೆಳೆದ ಮಾತು ಕೊನೆಗೆ ಮದುವೆಯವರೆಗೂ ಬಂತು. ಅವನ ತಾಯಿ ಸರ್ವಮಂಗಳಮ್ಮ ತಮ್ಮ ಅಕ್ಕನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಆ ಅಕ್ಕನನ್ನು ಉಮಾಪತಿಯ ಹಾಗೆ ನಾನೂ ದೊಡ್ಡಮ್ಮ ಎಂದೇ ಕರೆದೆ. ಕಾಫಿ ಕುಡಿದಾದ ಮೇಲೆ ಸರ್ವಮಂಗಳಮ್ಮ ನೇರವಾಗಿ ಮಾತಿಗೆ ಬಂದರು.

"ಹುಡುಗಿ ಒಳ್ಳೆಯವಳೇ, ಇಲ್ಲ ಅನ್ನಲ್ಲ. ಆದ್ರೆ ನನ್ ಮಗ ಬೆಳಗಾದ್ರೆ ಬಸ್ಸಲ್ಲಿರ್ತಾನೆ. ಒಂದು ಕಟ್ಟು ಸೊಪ್ಪು ತರಬೇಕಂದ್ರೂ ಇವಳ ಕೈ ಹಿಡ್ಕೊಂಡು ಹೋಗೋರು ಯಾರು? ನನ್ ಮಂಡಿ ನನ್ನನ್ನೇ ಹೊರಲ್ಲ."

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನೇ ಹೇಳಿದೆ: "ಬರೋ ಭಾನುವಾರ ನಿಮ್ಮ ಮನೆಗೆ ನಾನೊಬ್ಬಳೇ ಬರ್ತೀನಿ, ಅಮ್ಮ. ಊಟಕ್ಕೆ ಎಲೆ ಹಾಕೋ ಹೊತ್ತಿಗೆ ಬಂದಿದ್ರೆ ಮಾತು ಮುಂದುವರಿಸಿ. ಬರದಿದ್ರೆ ನಾನೇ ಈ ಸಂಬಂಧ ಬೇಡ ಅಂತೀನಿ."

"ಹೆಣ್ಣು ತಾನಾಗೇ ಗಂಡು ನೋಡೋಕೆ ಹೋಗೋದಾ?" ದೊಡ್ಡಮ್ಮ ಲೋಟವನ್ನು ಸದ್ದಾಗುವಂತೆ ಇಟ್ಟರು. "ಹೋಗ್ಲಿ, ಬರ್ಲಿ. ಆದ್ರೆ ಯಾರೂ ಕರ್ಕೊಂಡು ಬರೋ ಹಾಗಿಲ್ಲ. ಉಮಾಪತೀನೂ ಫೋನಲ್ಲಿ ದಾರಿ ಹೇಳೋ ಹಾಗಿಲ್ಲ. ಅವತ್ತು ಅವನ ಫೋನು ನನ್ ಸೆರಗಿನ ಗಂಟಲ್ಲಿರುತ್ತೆ. ಅವನು ಮನೆ ಬಿಟ್ಟು ಆಚೆ ಕಾಲಿಡಂಗಿಲ್ಲ."

ನಾನು ಆ ಮಾತಾಡಿದ್ದು ಬರೀ ಹುಂಬತನದಿಂದಲ್ಲ. ನನ್ನ ಫೋನಿನಲ್ಲಿ ದಾರಿ ಹೇಳುವ ಒಂದು ಆ್ಯಪ್ ಇತ್ತು. ಹೋಗಬೇಕಾದ ಜಾಗವನ್ನು ಕೊಟ್ಟರೆ "ಮುಂದೆ ಎಡಕ್ಕೆ ತಿರುಗಿ", "ಎರಡು ಗಂಟೆ ದಿಕ್ಕಿನಲ್ಲಿ ಔಷಧಿ ಅಂಗಡಿ" ಎಂದು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುತ್ತಾ ಹೋಗುತ್ತಿತ್ತು. ನಮ್ಮ ಬೀದಿಯಲ್ಲೇ ಕದ್ದು ಕದ್ದು ಅಭ್ಯಾಸ ಮಾಡಿದ್ದೆ. ಆ ಸಂಜೆ ಉಮಾಪತಿ ಫೋನ್ ಮಾಡಿದಾಗ, "ನಿಮ್ಮ ಮನೆ ಲೊಕೇಷನ್ ಕಳಿಸಿ" ಎಂದೆ. "ಇಗೋ, ನಿಂತಲ್ಲಿಂದಲೇ ಕಳಿಸಿದೆ" ಎಂದ. ಹಿಂದೆ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಭಾನುವಾರ ಅಣ್ಣ ನಿಲ್ದಾಣದವರೆಗೂ ಬಂದ. "ಇನ್ನೂ ಹೊತ್ತು ಮೀರಿಲ್ಲ ಕಣೆ. ನಾನು ಸ್ವಲ್ಪ ದೂರದಲ್ಲೇ ಹಿಂದೆ ಹಿಂದೆ ಬರ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದ.

"ನಿನ್ ಎಡಗಾಲಿನ ಚಪ್ಪಲಿ ಅರ್ಧ ಊರಿಗೆ ಕೇಳೋ ಹಾಗೆ ಕಿರುಚುತ್ತೆ. ಸುಮ್ನೆ ಮನೆಗೆ ಹೋಗು, ಅಣ್ಣ."

ಬಸ್ಸು ಎಲ್ಲಿ ನಿಲ್ಲುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಅದರ ಬಾಗಿಲು ಎಲ್ಲಿರುತ್ತದೆಂದು ಅವತ್ತೇ ಗೊತ್ತಾದದ್ದು. ಕಂಬಿ ಸಿಕ್ಕಿತು, ಹತ್ತಿದೆ. ಕಿಟಕಿಯ ಪಕ್ಕ ಕೂತು ಒಂದು ಕಿವಿಗೆ ಫೋನಿನ ತಂತಿ ಸಿಕ್ಕಿಸಿಕೊಂಡು, ಇನ್ನೊಂದನ್ನು ಊರಿಗೆ ಬಿಟ್ಟೆ. ಬಸ್ಸು ಓಡುತ್ತಿದ್ದಂತೆ ಫೋನು ಬೀದಿಗಳ ಹೆಸರು ಹೇಳುತ್ತಾ ಹೋಯಿತು. ಅಷ್ಟು ವರ್ಷ ಮೈಕಿನಲ್ಲಿ ಕೂಗಿದ್ದ ಹೆಸರುಗಳೇ ಅವು. ಅವೆಲ್ಲ ಒಂದರ ಪಕ್ಕ ಒಂದು ನಿಜವಾಗಿಯೂ ಇದ್ದವು! ಎಣ್ಣೆಗಾಣದ ಬೀದಿಯಲ್ಲಿ ಎಣ್ಣೆಯ ವಾಸನೆ ಬಂತು, ಕಂಚುಗಾರರ ಬೀದಿಯಲ್ಲಿ ಬಡಿಯುವ ಸದ್ದು ಬಂತು. ಖುಷಿಗೆ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಹೆಂಗಸು ಕೊಂಚ ದೂರ ಸರಿದು ಕೂತಳು.

ಇಳಿಯುವ ಜಾಗ ಸರಿಯಾಗಿಯೇ ಸಿಕ್ಕಿತು. "ನೇರವಾಗಿ ನಡೆಯಿರಿ" ಎಂದಿತು ಫೋನು. ಕೋಲು ಚಾಚಿ ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಒಬ್ಬ ಪುಣ್ಯಾತ್ಮ ಬಂದು ನನ್ನ ತೋಳು ಹಿಡಿದ. "ಬಾ ತಾಯಿ, ಬಾ, ಹೆದರ್ಕೋಬೇಡ" ಎಂದು, ಹಾರ್ನ್ ಹೊಡೆಯುವ ಗಾಡಿಗಳನ್ನೆಲ್ಲ ಬೈದು ನಿಲ್ಲಿಸಿ, ನನ್ನನ್ನು ರಸ್ತೆಯ ಆಚೆಗೆ ದಾಟಿಸಿಬಿಟ್ಟ.

"ನಾನು ದಾಟಬೇಕಾಗಿರಲಿಲ್ಲ, ಸ್ವಾಮಿ!"

"ಅಯ್ಯೋ! ಮತ್ತೆ ಹೇಳಬಾರದಿತ್ತಾ?"

"ನೀವು ಬಾಯಿ ಬಿಡೋಕೆ ಬಿಟ್ರಾ?"

ಫೋನು ಗಾಬರಿಯಾದಂತೆ ದಾರಿ ಬದಲಾಗಿದೆ, ದಾರಿ ಬದಲಾಗಿದೆ ಎಂದು ಹೇಳತೊಡಗಿತು. ಮತ್ತೆ ದಾಟಿಸುತ್ತೇನೆಂದ ಆ ಮನುಷ್ಯನಿಗೆ ಕೈಮುಗಿದು ಬೇಡವೆಂದೆ. ಗಾಡಿಗಳ ಸದ್ದು ಒಂದು ಬದಿಯಲ್ಲಿ ತೆಳುವಾಗುವವರೆಗೆ ಕಾದು, ಕೋಲನ್ನು ಎತ್ತಿ ಹಿಡಿದು, ನನ್ನಷ್ಟಕ್ಕೆ ನಾನೇ ದಾಟಿದೆ. ಈಚೆ ಬದಿ ಮುಟ್ಟಿದಾಗ ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟಿದೆ. ಇಡೀ ದಾರಿಯಲ್ಲಿ ನನಗೆ ಅತಿ ಹೆಚ್ಚು ಸಂತೋಷವಾದದ್ದು ಅಲ್ಲೇ.

ಅಲ್ಲಿಂದ ಫೋನು ಹೇಳಿದಂತೆ ತಿರುಗಿ ತಿರುಗಿ ಒಂದು ಇಕ್ಕಟ್ಟಾದ ಓಣಿಗೆ ಬಂದೆ. "ನೀವು ತಲುಪಬೇಕಾದ ಸ್ಥಳ ತಲುಪಿದ್ದೀರಿ" ಎಂದಿತು ಫೋನು. ಸೀರೆಯ ನೆರಿಗೆ ಸರಿಮಾಡಿಕೊಂಡು ಕೈಚಾಚಿದೆ.

ಗೋಡೆ.

ಬಾಗಿಲು ಹುಡುಕುತ್ತಾ ಗೋಡೆ ಸವರಿಕೊಂಡು ಮುಂದೆ ಹೋದೆ. "ಸ್ಥಳ ನಿಮ್ಮ ಹಿಂದೆ ಇದೆ" ಎಂದಿತು ಫೋನು. ಹಿಂದೆ ಬಂದೆ. "ಸ್ಥಳ ನಿಮ್ಮ ಎಡಕ್ಕಿದೆ" ಎಂದಿತು. ಎಡಕ್ಕೆ ಅದೇ ಗೋಡೆ. ಮನೆಯ ಮುಂದೆ ಜಗಲಿ ಇದೆ, ಎದುರಿಗೆ ಹಿಟ್ಟಿನ ಗಿರಣಿ ಇದೆ ಎಂದು ಉಮಾಪತಿ ಹೇಳಿದ್ದ. ಇಲ್ಲಿ ಜಗಲಿಯೂ ಇರಲಿಲ್ಲ, ಗಿರಣಿಯ ಸದ್ದೂ ಇರಲಿಲ್ಲ. ಕೇಳೋಣವೆಂದರೆ ಓಣಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಯಾರ ಮನೆಯದೋ ಸಾರಿನ ಒಗ್ಗರಣೆ ಘಮ್ಮೆಂದಿತು. ಎಲೆ ಹಾಕುವ ಹೊತ್ತು ಹತ್ತಿರವಾಗಿತ್ತು. ನಾನಾಗಿ ನಾನೇ ಹಾಕಿಕೊಂಡ ಪಂದ್ಯ. ಇಷ್ಟು ದೂರ ಬಂದು ಒಂದು ಗೋಡೆಗೆ ಸೋತು ಹೋಗುವುದೇ?

ಫೋನಿಗೆ ಜಾಗ ಗೊತ್ತಿತ್ತು, ಗೋಡೆ ಗೊತ್ತಿರಲಿಲ್ಲ. ಅದನ್ನು ಬೈದು ಪ್ರಯೋಜನವಿಲ್ಲವೆಂದು ತಂತಿ ಕಿತ್ತು, ಎರಡೂ ಕಿವಿ ತೆರೆದು ನಿಂತೆ.

ಆಗ ಗೋಡೆಯಾಚೆ ಕೇಳಿಸಿತು. ಟಪ್. ಸ್ವಲ್ಪ ಬಿಟ್ಟು, ಟಪ್.

ತಿಂಗಳುಗಟ್ಟಲೆ ಕೇಳಿದ್ದ ಸದ್ದು! ಆ ಗೋಡೆಯನ್ನೇ ತಬ್ಬಿಕೊಳ್ಳೋಣವೆನಿಸಿತು. ಸದ್ದು ಬರುವ ಕಡೆಗೆ ಗೋಡೆಗುಂಟ ಸರಿದೆ. ಮೂಲೆಯಲ್ಲಿ, ಸೌದೆಯ ಒಟ್ಟಿಲ ಪಕ್ಕದಲ್ಲಿ, ತಗಡಿನ ಒಂದು ಪುಟ್ಟ ಗೇಟು ಕೈಗೆ ಸಿಕ್ಕಿತು. ತಳ್ಳಿ ಒಳಗೆ ಹೋದೆ. ಒದ್ದೆ ಕಲ್ಲು, ಬಟ್ಟೆ ಸೋಪಿನ ವಾಸನೆ. ಕೈಚಾಚಿ ನಲ್ಲಿ ಹಿಡಿದು ತಿರುಗಿಸಿದೆ. ಹನಿ ಥಟ್ಟನೆ ನಿಂತುಹೋಯಿತು.

"ಯಾರದು ಹಿತ್ತಲಲ್ಲಿ?" ಸರ್ವಮಂಗಳಮ್ಮನ ದನಿ. ಪಾತ್ರೆಯೊಂದನ್ನು ಕಲ್ಲಿನ ಮೇಲಿಟ್ಟ ಸದ್ದು.

"ನಾನೇ, ಅಮ್ಮ. ನಲ್ಲಿ ಸೋರ್ತಿತ್ತು, ನಿಲ್ಲಿಸಿದೆ."

ಅವರು ಹತ್ತಿರ ಬಂದರು. ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಗೇಟಿನಾಚೆ ಇಣುಕಿ ಬಂದರು. "ನಾವೆಲ್ಲ ಮುಂದಿನ ಜಗಲೀಲಿ ಕತ್ತು ಉದ್ದ ಮಾಡ್ಕೊಂಡು ಕೂತಿದ್ರೆ, ನೀನು ಇಲ್ಲಿಂದ ಹೆಂಗೆ ಬಂದೆ? ಅದೂ ಅಲ್ದೆ ನಮ್ ನಲ್ಲಿ ಸೋರಲ್ವಲ್ಲ."

"ದಿನಾ ಸೋರುತ್ತಲ್ಲಮ್ಮ. ಸಾಯಂಕಾಲ ನಿಮ್ಮ ಮಗ ಫೋನ್ ಮಾಡಿದಾಗೆಲ್ಲ..."

ಅಷ್ಟು ಹೇಳಿ ನಾನೇ ನಿಲ್ಲಿಸಿದೆ. ಈಗ ತಾನೇ ನನ್ನ ಕೈಯಲ್ಲಿ ಅಷ್ಟು ಗಟ್ಟಿಯಾಗಿ ನಿಂತ ನಲ್ಲಿ ಸೋರುವುದೆಂತು? ಗೋಡೆಯಾಚೆ ನಾನು ಕೇಳಿದ ಸದ್ದು ಖಾಲಿ ಬಕೆಟ್ಟಿನದು. ಯಾರೋ ಆಗಷ್ಟೇ ತಿರುಗಿಸಿಟ್ಟು ಹೋಗಿದ್ದರು.

"ಲೋ ಉಮಾಪತಿ! ಬಾರೋ ಇಲ್ಲಿ!"

ಓಡಿ ಬಂದ ಹೆಜ್ಜೆ ನನ್ನ ಮುಂದೆ ನಿಂತಿತು. "ಬಂದ್ರಾ?" ಎಂದ. ಒಂದೇ ಮಾತು, ಅದೂ ಉಸಿರಿಲ್ಲದೆ.

ತಾಯಿ ಎದುರಿಗೆ ನಿಂತು ಎಲ್ಲವನ್ನೂ ಬಾಯಿ ಬಿಡಿಸಿದರು. ದಿನವೂ ನೀರು ತುಂಬಿಸುವ ನೆಪದಲ್ಲಿ ಹಿತ್ತಲಿಗೆ ಬಂದು, ಬಕೆಟ್ಟು ಬೇಗ ತುಂಬಬಾರದೆಂದು ನಲ್ಲಿಯನ್ನು ಹನಿಗಿಟ್ಟು, ಅದು ತುಂಬುವವರೆಗೂ ನನ್ನೊಡನೆ ಮಾತಾಡುತ್ತಿದ್ದನಂತೆ. ಲೊಕೇಷನ್ ಕಳಿಸಿದ್ದೂ ಅಲ್ಲಿಂದಲೇ. ಜಗಲಿಯಲ್ಲಿ ಕಾದು ಕೂತಾಗ ಅದು ಹೊಳೆದು, ನಾನು ಹಿಂದಿನ ಓಣಿಗೇ ಬರುತ್ತೇನೆಂದು ಗೊತ್ತಾಗಿ ಬೆವತುಹೋದನಂತೆ. ಫೋನು ದೊಡ್ಡಮ್ಮನ ಸೆರಗಿನಲ್ಲಿ. ಮನೆ ಬಿಟ್ಟು ಕಾಲಿಡುವ ಹಾಗಿಲ್ಲ. ಕೈತೊಳೆಯುವ ನೆಪದಲ್ಲಿ ಬಂದು, ನಲ್ಲಿಯನ್ನು ಹನಿಗಿಟ್ಟು, ತಿರುಗಿ ಹೋಗಿ ಕೂತನಂತೆ.

"ಅಯ್ಯೋ ಕಳ್ಳ!" ಎಂದರು ಸರ್ವಮಂಗಳಮ್ಮ. "ಮಂಡಿನೋವಿನ ತಾಯಿಗೆ ದಿನಾ ನೀರು ತುಂಬ್ಸಿ ಕೊಡ್ತಾನೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆನಲ್ಲೋ!"

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. "ಹಂಗಾದ್ರೆ ಇದು ಮೋಸ. ಇವನು ಸನ್ನೆ ಮಾಡಿದ ಹಂಗಾಯ್ತಲ್ಲ" ಎಂದರು.

"ನಿಮಗೆ ಮನೆ ಹುಡುಕೋಕೆ ಬಾಗಿಲ ಮೇಲಿನ ನಂಬರು ಇರುತ್ತಲ್ಲ, ದೊಡ್ಡಮ್ಮ. ನನಗೆ ಅದು ಕಾಣಲ್ಲ, ನಲ್ಲಿ ಕೇಳ್ಸುತ್ತೆ" ಎಂದೆ. "ಇನ್ನೊಂದು ಮಾತು. ದಾರೀಲಿ ಒಬ್ಬರು ನನ್ನ ಕೈ ಹಿಡಿದದ್ದೂ ನಿಜ. ಆದ್ರೆ ಅವರು ಕರ್ಕೊಂಡು ಹೋಗಿದ್ದು ತಪ್ಪು ಕಡೆಗೆ. ಅಲ್ಲಿಂದ ನಾನೇ ವಾಪಸ್ ಬಂದೆ. ಲೆಕ್ಕಕ್ಕೆ ಹಿಡ್ಕೊಳ್ಳೋದಾದ್ರೆ ಹಿಡ್ಕೊಳ್ಳಿ."

ದೊಡ್ಡಮ್ಮನಿಗೆ ತಡೆಯಲಾರದಷ್ಟು ನಗು ಬಂತು. ಸರ್ವಮಂಗಳಮ್ಮ ನಗಲಿಲ್ಲ. ನನ್ನ ಕೈ ಹಿಡಿದು ತಾವು ತಂದಿದ್ದ ಪಾತ್ರೆಯನ್ನು ಅದರಲ್ಲಿಟ್ಟರು. "ಮುಂದಿನ ಬಾಗಿಲಿಂದ ಬಂದಿದ್ರೆ ಆರತಿ ಎತ್ತಿ ಕರೀಬೇಕಂತ ತಟ್ಟೆ ಇಟ್ಟಿದ್ದೆ" ಎಂದರು. "ಹಿತ್ತಲಿಂದ ಬಂದು ನನ್ನ ನಲ್ಲಿ ನಿಲ್ಲಿಸಿದವಳಿಗೆ ಎಂಥ ಆರತಿ? ಕೋಸಂಬರಿ ಬೇಳೆ ಇದು. ತೊಳ್ಕೊಂಡು ಒಳಗೆ ಬಾ. ಎಲೆ ಹಾಕ್ತೀನಿ."

ಆ ಸಂಜೆ ನಾನು ಒಬ್ಬಳೇ ಮನೆಗೆ ಮರಳಿದೆ. ಅಣ್ಣ ಬಾಗಿಲಲ್ಲೇ ಅತ್ತಿಂದಿತ್ತ ಓಡಾಡುತ್ತಿದ್ದ. ಅವನ ಚಪ್ಪಲಿ ಕಿರುಚಿದ್ದು ಬೀದಿಯ ಕೊನೆಯಿಂದಲೇ ಕೇಳಿತ್ತು. ಸ್ವಲ್ಪ ಹೊತ್ತಿಗೆ ಫೋನು ಬಂತು. ಉಮಾಪತಿ ಜಗಲಿಯಿಂದ ಮಾತಾಡುತ್ತಿದ್ದ. ಎದುರಿಗೆ ಗಿರಣಿ ಗಡಗಡ ಎನ್ನುತ್ತಿತ್ತು. "ಇನ್ನು ಕದ್ದು ಮಾತಾಡೋ ಹಾಗಿಲ್ಲವಲ್ಲ" ಎಂದ. ನನಗೂ ಅವನಿಗೂ ಮಾತೇ ಮುಂದೆ ಹೋಗಲಿಲ್ಲ. ಏನೋ ಒಂದು ಇಲ್ಲವೆನಿಸುತ್ತಿತ್ತು.

ಆಗ ಒಳಗಿನಿಂದ ಸರ್ವಮಂಗಳಮ್ಮ ಕೂಗಿದ್ದು ನನಗೂ ಕೇಳಿತು: "ಲೋ, ಹಿತ್ತಲಲ್ಲಿ ಬಕೆಟ್ಟು ಖಾಲಿ ಇದೆ ಕಣೋ. ಹೋಗಿ ತುಂಬ್ಸು. ಏನೂ ಅವಸರ ಇಲ್ಲ."

ಅವನು ಎದ್ದು ನಡೆದ. ಗಿರಣಿಯ ಸದ್ದು ಹಿಂದೆ ಸರಿಯಿತು. ಒದ್ದೆ ಕಲ್ಲಿನ ಮೇಲೆ ಬಕೆಟ್ಟು ಇಟ್ಟ ಸದ್ದಾಯಿತು. ಇಬ್ಬರೂ ಕಾದೆವು. ಆಮೇಲೆ, ಖಾಲಿ ಬಕೆಟ್ಟಿನ ತಳಕ್ಕೆ, ಟಪ್ ಎಂದು ಮೊದಲ ಹನಿ ಬಿತ್ತು.